ಮುಳುಗಿದ ಜಲಾಂತರ್ಗಾಮಿಯ ಹ್ಯಾಚ್ ತೆರೆಯುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಮುದ್ರದ ತಳದಲ್ಲಿ ಕೆಟ್ಟು ಕೂತ ಜಲಾಂತರ್ಗಾಮಿಯಿಂದ ಅದರ ಸಿಬ್ಬಂದಿಯನ್ನು ಜೀವಂತವಾಗಿ ಮೇಲಕ್ಕೆ ತರುವ ವಿಷಯ ಬಂದಾಗಲೆಲ್ಲ ಕೇಳುವವರ ಮನಸ್ಸಿನಲ್ಲಿ ಮೊದಲು ಮೂಡುವ ಪ್ರಶ್ನೆ ಒಂದೇ: ನೂರಾರು ಮೀಟರ್ ಆಳದಲ್ಲಿ ಹ್ಯಾಚ್, ಅಂದರೆ ಜನ ಒಳಹೋಗಿ ಹೊರಬರುವ ಮುಚ್ಚಳದಂಥ ಬಾಗಿಲು, ತೆರೆದರೆ ನೀರು ಒಳಗೆ ನುಗ್ಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಲು ಹೊರಟರೆ, ರಕ್ಷಣಾ ವಾಹನವೊಂದು ಜಲಾಂತರ್ಗಾಮಿಯ ಬೆನ್ನ ಮೇಲೆ ಇಳಿದು, ಅದರ ಹ್ಯಾಚಿನ ಸುತ್ತ ಕೂತು, ಎರಡರ ಒಳಗಾಳಿಯೂ ಒಂದಾಗುವ ತನಕದ ಇಡೀ ಕ್ರಮವನ್ನೇ ವಿವರಿಸಬೇಕಾಗುತ್ತದೆ. ಇವತ್ತು ನಾನು ಮಾಡಲಿರುವುದು ಅಷ್ಟೇ. ಜಲಾಂತರ್ಗಾಮಿಗಳ ಯುದ್ಧಕಥೆಗಳು ಬೇರೆ ಕಡೆ ಬೇಕಾದಷ್ಟು ಸಿಗುತ್ತವೆ. ಅವುಗಳ ಗೊಡವೆ ಇಲ್ಲಿ ಬೇಡ.

ಮೊದಲು ಒತ್ತಡದ ಲೆಕ್ಕ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮ ಮೇಲೆ ಹೇರುವಷ್ಟು, ಒತ್ತಡ ಹೆಚ್ಚುತ್ತದೆ. 100 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 10 ಕಿಲೋಗ್ರಾಂ ಭಾರ ಹೆಚ್ಚುವರಿಯಾಗಿ ಕೂತಿರುತ್ತದೆ. ಮನುಷ್ಯನೊಬ್ಬ ನುಸುಳಿ ಬರಬಲ್ಲ, ಮುಕ್ಕಾಲು ಮೀಟರ್ ವ್ಯಾಸದ ಹ್ಯಾಚನ್ನು ಊಹಿಸಿಕೊಂಡರೆ ಅದರ ಮೇಲೆ ಸುಮಾರು 45 ಟನ್ ಭಾರವಾಯಿತು. ಹ್ಯಾಚ್ ಹೊರಕ್ಕೆ ತೆರೆದುಕೊಳ್ಳುವಂಥದ್ದು. ಹಾಗಾಗಿ ಸಮುದ್ರವೇ ಅದನ್ನು ಬಿಗಿಯಾಗಿ ಒತ್ತಿ ಮುಚ್ಚಿರುತ್ತದೆ. ಒಳಗಿನ ಹತ್ತು ಜನ ಸೇರಿ ಭುಜ ಕೊಟ್ಟರೂ ಅದು ಕೂದಲೆಳೆಯಷ್ಟೂ ಅಲುಗದು. ನೀರು ನುಗ್ಗುವ ಭಯ ಆಮೇಲಿನ ಮಾತು. ಆ ಆಳದಲ್ಲಿ ಹ್ಯಾಚ್ ತೆರೆಯುವುದೇ ಆಗದ ಕೆಲಸ. ತೆರೆಯಬೇಕಾದರೆ ಅದರ ಮೇಲಿರುವ ನೀರನ್ನು ತೆಗೆದು, ಆ ಜಾಗದಲ್ಲಿ ಗಾಳಿ ತುಂಬಿಸಬೇಕು. ಸಮುದ್ರದ ಮಧ್ಯದಲ್ಲಿ, ಹ್ಯಾಚಿನ ಮೇಲ್ಭಾಗದಷ್ಟೇ ಜಾಗದಲ್ಲಿ, ಒಂದು ಒಣ ಕೋಣೆಯನ್ನು ಹುಟ್ಟಿಸಬೇಕು. ರಕ್ಷಣಾ ವಾಹನದ ಹೊಟ್ಟೆಯ ಕೆಳಗೆ ಗಂಟೆಯಾಕಾರದಲ್ಲಿ ಇಳಿಬಿದ್ದಿರುವ, ನೌಕಾಪಡೆಯವರು ಸ್ಕರ್ಟ್ ಎಂದು ಕರೆಯುವ ಉಕ್ಕಿನ ಕೊರಳಿರುವುದು ಇದಕ್ಕಾಗಿಯೇ.

ಈ ಉಪಾಯ ಕಾಗದದಿಂದ ಕಡಲಿಗಿಳಿದು ನಿಜವಾಗಿ ಜನರನ್ನು ಬದುಕಿಸಿದ್ದು 1939ರಲ್ಲಿ. ಆ ವರ್ಷ ಮೇ 23ರ ಬೆಳಿಗ್ಗೆ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕರಾವಳಿಯಾಚೆ ಐಲ್ಸ್ ಆಫ್ ಶೋಲ್ಸ್ ದ್ವೀಪಗಳ ಬಳಿ, ‘ಸ್ಕ್ವಾಲಸ್’ ಎಂಬ ಹೊಚ್ಚಹೊಸ ಜಲಾಂತರ್ಗಾಮಿ ಪರೀಕ್ಷೆಗಾಗಿ ಮುಳುಗಿತು. ಎಂಜಿನ್‌ಗಳಿಗೆ ಗಾಳಿ ಒದಗಿಸುವ ಮುಖ್ಯ ಕವಾಟ ಮುಚ್ಚಿಕೊಂಡಿರಲಿಲ್ಲ. ಹಿಂಭಾಗದ ಕೋಣೆಗಳಿಗೆ ನೀರು ನುಗ್ಗಿ 26 ಮಂದಿ ಪ್ರಾಣ ಕಳೆದುಕೊಂಡರು. ಮುಂಭಾಗದಲ್ಲಿ 33 ಮಂದಿ ಜೀವಂತ ಉಳಿದರು. ನೌಕೆ ಸುಮಾರು 74 ಮೀಟರ್ ಆಳದ ಕೆಸರಿನಲ್ಲಿ ಕೂತಿತು. ಮರುದಿನ ‘ಫಾಲ್ಕನ್’ ಎಂಬ ರಕ್ಷಣಾ ಹಡಗು ಸ್ಥಳಕ್ಕೆ ಬಂದು ಲಂಗರು ಹಾಕಿದಾಗ, ಅದರ ಮೇಲೆ ಸುಮಾರು ಒಂಬತ್ತು ಟನ್ ತೂಕದ, ಪೇರಲೆ ಹಣ್ಣಿನಾಕಾರದ ಉಕ್ಕಿನ ಕೋಣೆಯೊಂದಿತ್ತು. ಚಾರ್ಲ್ಸ್ ಮಾಮ್ಸೆನ್ ಎಂಬ ಅಧಿಕಾರಿ ವರ್ಷಗಳ ಹಿಂದೆ ಕಂಡ ಕಲ್ಪನೆಯನ್ನು ಅಲನ್ ಮೆಕ್ಯಾನ್ ಎಂಬ ಮತ್ತೊಬ್ಬ ಅಧಿಕಾರಿ ತಿದ್ದಿ ರೂಪಿಸಿದ ಸಾಧನ ಅದು. ಹೆಸರು ಮಾತ್ರ ಮೆಕ್ಯಾನರದ್ದೇ ಉಳಿಯಿತು. ಅಂದು ಸ್ಥಳದಲ್ಲಿ ನಿಂತು ಡೈವರ್‌ಗಳ ಕೆಲಸ ನಡೆಸಿದವರು ಮಾಮ್ಸೆನ್.

ಮೆಕ್ಯಾನ್ ಕೋಣೆ ಸ್ವತಂತ್ರವಾಗಿ ಈಜುವ ವಾಹನವಾಗಿರಲಿಲ್ಲ. ಮೊದಲು ಒಬ್ಬ ಡೈವರ್ ಕೆಳಗಿಳಿದು, ಜಲಾಂತರ್ಗಾಮಿಯ ಹ್ಯಾಚಿನ ಕೊಂಡಿಗೆ ಉಕ್ಕಿನ ಹಗ್ಗವೊಂದನ್ನು ಸಿಕ್ಕಿಸಬೇಕಿತ್ತು. ಸ್ಕ್ವಾಲಸ್‌ನಲ್ಲಿ ಆ ಕೆಲಸ ಮಾಡಿದವರು ಮಾರ್ಟಿನ್ ಸಿಬಿಟ್ಸ್ಕಿ. ಆಮೇಲೆ ಕೋಣೆಯೊಳಗಿನ ರಾಟೆ ಆ ಹಗ್ಗವನ್ನು ಸುತ್ತಿಕೊಳ್ಳುತ್ತ ಹೋದಂತೆ, ತೇಲುವ ಸ್ವಭಾವದ ಕೋಣೆ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತಿತ್ತು. ಹಗ್ಗ ಹ್ಯಾಚಿನ ನಟ್ಟನಡುವಿಗೆ ಕಟ್ಟಿದ್ದರಿಂದ ಕೋಣೆ ಸರಿಯಾಗಿ ಹ್ಯಾಚಿನ ಮೇಲೆಯೇ ಬಂದು ಕೂರುತ್ತಿತ್ತು. ಗುರಿ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಕೆಳಗಿನ ತೆರೆದ ಭಾಗದ ಅಂಚಿನಲ್ಲಿ ರಬ್ಬರ್ ಗ್ಯಾಸ್ಕೆಟ್ ಇತ್ತು. ಒಳಗಿನ ನೀರನ್ನು ಸಂಕುಚಿತ ಗಾಳಿಯಿಂದ ಹೊರದೂಡಿ, ಆ ಗಾಳಿಯ ಒತ್ತಡವನ್ನು ಕೊಳವೆಯ ಮೂಲಕ ಮೇಲಕ್ಕೆ ಬಿಟ್ಟು ಇಳಿಸಿದಾಗ, ಹೊರಗಿನ ಸಮುದ್ರ ಇಡೀ ಕೋಣೆಯನ್ನು ಜಲಾಂತರ್ಗಾಮಿಯ ಬೆನ್ನಿಗೆ ಒತ್ತಿ ಹಿಡಿಯಿತು. ಮೊದಲ ಸುತ್ತಿನಲ್ಲಿ 7, ಎರಡು ಮತ್ತು ಮೂರನೆಯದರಲ್ಲಿ ತಲಾ 9, ನಾಲ್ಕನೆಯದರಲ್ಲಿ 8 ಮಂದಿ ಹೊರಬಂದರು. ಆ ಕೊನೆಯ ಎಂಟು ಮಂದಿ ಮೇಲೆ ಬರುವಾಗ ಹಗ್ಗ ಸಿಕ್ಕಿಹಾಕಿಕೊಂಡಿತು, ಎತ್ತುವ ಹಗ್ಗದ ಎಳೆಗಳು ಒಂದೊಂದಾಗಿ ಕಿತ್ತುಬರತೊಡಗಿದವು. ಕೋಣೆಯನ್ನು ಮತ್ತೆ ತಳಕ್ಕಿಳಿಸಿ, ಹರಸಾಹಸಪಟ್ಟು, ಕೊನೆಗೆ ಹಡಗಿನ ಮೇಲಿದ್ದವರು ಕೈಯಿಂದಲೇ ಹಗ್ಗ ಜಗ್ಗಿ ಮಧ್ಯರಾತ್ರಿ ದಾಟಿದ ಮೇಲೆ ಮೇಲಕ್ಕೆ ತಂದರು. ಮರುದಿನ ಇನ್ನೊಂದು ಸುತ್ತು ಹಿಂಭಾಗದ ಹ್ಯಾಚಿಗೆ ಹೋಗಿ ನೋಡಿತು. ಅಲ್ಲಿ ನೀರು ಮಾತ್ರ ಇತ್ತು.

ಇದಾದ ಒಂಬತ್ತನೆಯ ದಿನ, ಜೂನ್ 1ರಂದು, ಬ್ರಿಟನ್ನಿನ ‘ಥೀಟಿಸ್’ ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿತು. ಅದರ ಹಿಂತುದಿ ಗಂಟೆಗಟ್ಟಲೆ ನೀರಿನ ಮೇಲೆ ಕಾಣುತ್ತಿತ್ತು. ಒಳಗಿದ್ದ 103 ಮಂದಿಯಲ್ಲಿ ಬದುಕಿದವರು ನಾಲ್ವರು. ಬ್ರಿಟನ್ ಆಗ ನೆಚ್ಚಿಕೊಂಡಿದ್ದು ಉಸಿರಾಟದ ಸಾಧನ ತೊಟ್ಟು ಒಬ್ಬೊಬ್ಬರಾಗಿ ಹೊರಬರುವ ಕ್ರಮವನ್ನು. ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು, ಹೊರಗಿನಿಂದ ಬರುವ ರಕ್ಷಣೆಯೇ ಮೇಲು ಎಂದು ತೀರ್ಮಾನಿಸುವವರಿದ್ದಾರೆ. ನನಗೆ ಅಷ್ಟು ಖಚಿತವಿಲ್ಲ. ಆಳ ಕಡಿಮೆಯಿದ್ದು, ಸಮಯ ಮೀರುತ್ತಿದ್ದರೆ ಸ್ವತಃ ಹೊರಬರುವುದೇ ದಾರಿ. ಇವತ್ತಿನ ಸುರಕ್ಷಾ ಉಡುಪುಗಳು ಸುಮಾರು 180 ಮೀಟರ್ ಆಳದ ತನಕ ಅದಕ್ಕೆ ಅವಕಾಶ ಕೊಡುತ್ತವೆ. ಅದಕ್ಕಿಂತ ಕೆಳಗೆ ಬೇರೆಯವರು ಬರುವುದನ್ನು ಕಾಯದೆ ವಿಧಿಯಿಲ್ಲ.

ಹಗ್ಗದ ಕ್ರಮಕ್ಕೆ ಇರುವ ದೊಡ್ಡ ತೊಡಕು ಡೈವರ್ ಹೋಗಿ ಕಟ್ಟಬೇಕೆಂಬುದು. 1953ರ ಏಪ್ರಿಲ್ 4ರಂದು ಟರ್ಕಿಯ ‘ದುಮ್ಲುಪಿನಾರ್’ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಸ್ವೀಡನ್ನಿನ ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ, ಹಿಂಭಾಗದ ಟಾರ್ಪಿಡೋ ಕೋಣೆಯಲ್ಲಿ ಬದುಕುಳಿದಿದ್ದ 22 ಮಂದಿಯ ಜೊತೆ ತೇಲುಬುರುಡೆಯ ಟೆಲಿಫೋನಿನಲ್ಲಿ ಮಾತನಾಡುವುದು ಸಾಧ್ಯವಾಗಿತ್ತು. ರಕ್ಷಣಾ ಹಡಗೂ ಬಂದಿತ್ತು. ಆದರೆ ಜಲಸಂಧಿಯ ಸೆಳೆತ ಡೈವರ್‌ಗಳಿಗೆ ಕೆಲಸ ಮಾಡಗೊಡಲಿಲ್ಲ. 81 ಮಂದಿ ತೀರಿಕೊಂಡರು.

ಹಗ್ಗ ಬೇಡದ, ತಾನೇ ಈಜಿಹೋಗಿ ಕೂರುವ ವಾಹನ ಬೇಕೆಂದು ಅಮೆರಿಕ ಹಣ ಸುರಿದದ್ದು 1963ರ ಏಪ್ರಿಲ್ 10ರಂದು ತನ್ನ ‘ಥ್ರೆಷರ್’ ಜಲಾಂತರ್ಗಾಮಿ 129 ಜನರೊಡನೆ ಮುಳುಗಿದ ಮೇಲೆ. ಆ ನೌಕೆ ಎರಡೂವರೆ ಸಾವಿರ ಮೀಟರ್ ಆಳದ ಸಮುದ್ರಕ್ಕೆ ಇಳಿಯುವಾಗಲೇ ಒತ್ತಡಕ್ಕೆ ಸಿಲುಕಿ ಚೂರಾಗಿದ್ದರಿಂದ ಯಾವ ರಕ್ಷಣಾ ವಾಹನವೂ ಅದರ ನೆರವಿಗೆ ಬರುವಂತಿರಲಿಲ್ಲ. ಆದರೂ ಸರ್ಕಾರಗಳು ದುಡ್ಡು ಬಿಚ್ಚಲು ಅಂಥದ್ದೊಂದು ಆಘಾತವೇ ಬೇಕಾಯಿತು. 1970ರಲ್ಲಿ ‘ಮಿಸ್ಟಿಕ್’, ಮರುವರ್ಷ ‘ಅವಲಾನ್’ ನೀರಿಗಿಳಿದವು. ಸುಮಾರು 15 ಮೀಟರ್ ಉದ್ದದ ಹೊರಕವಚದೊಳಗೆ ಒಂದಕ್ಕೊಂದು ಬೆಸೆದ ಮೂರು ಉಕ್ಕಿನ ಗೋಳಗಳು. ಮುಂದಿನದರಲ್ಲಿ ಚಾಲಕರು, ಉಳಿದೆರಡರಲ್ಲಿ 24 ಮಂದಿಗೆ ಜಾಗ, ನಡುವಿನ ಗೋಳದ ಕೆಳಗೆ ಸ್ಕರ್ಟ್. ವಿಮಾನದಲ್ಲಿ ಹೊತ್ತೊಯ್ದು, ಮತ್ತೊಂದು ಜಲಾಂತರ್ಗಾಮಿಯ ಬೆನ್ನಿಗೇರಿಸಿ ಅಪಘಾತದ ಸ್ಥಳಕ್ಕೆ ಕರೆದೊಯ್ಯಬಹುದಿತ್ತು. ಅದರ ಒಂದು ವ್ಯವಸ್ಥೆ ನನಗೆ ಬಹಳ ಇಷ್ಟ. ತಳದಲ್ಲಿ ಕೂತ ಜಲಾಂತರ್ಗಾಮಿ ನೆಟ್ಟಗೆ ಕೂತಿರುತ್ತದೆಂಬ ಖಾತ್ರಿಯಿಲ್ಲ. ಅದು ವಾಲಿದ್ದರೆ ವಾಹನವೂ ಅಷ್ಟೇ ವಾಲಿ ಕೂರಬೇಕು. ಮಿಸ್ಟಿಕ್ ತನ್ನೊಳಗಿನ ಪಾದರಸವನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹಾಯಿಸಿ ತನ್ನ ತೂಕದ ಕೇಂದ್ರವನ್ನೇ ಸರಿಸಿಕೊಂಡು 45 ಡಿಗ್ರಿ ತನಕ ಓರೆಯಾಗಬಲ್ಲದಾಗಿತ್ತು. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟು ತೂಕವನ್ನು ಅತ್ತಿತ್ತ ಹರಿಸಲು ಪಾದರಸದಷ್ಟು ತಕ್ಕ ದ್ರವ ಬೇರೊಂದಿಲ್ಲ. ಆಮೇಲೆ ಬಂದ ಅಮೆರಿಕದ ವ್ಯವಸ್ಥೆಯಲ್ಲಿ ವಾಹನವನ್ನು ಸಮತಟ್ಟಾಗಿಯೇ ಇಟ್ಟು, ಸ್ಕರ್ಟನ್ನು ಮಾತ್ರ ತಿರುಗಿಸುವ ಸುಲಭದ ದಾರಿ ಕಂಡುಕೊಂಡರು.

ಈಗ ಜೋಡಣೆಯ ವಿಷಯ. ರಕ್ಷಣಾ ವಾಹನ ನೀರಿಗಿಳಿಯುವ ಮೊದಲೇ ದೂರನಿಯಂತ್ರಿತ ರೋಬಾಟ್ ಒಂದು ಕೆಳಗೆ ಹೋಗಿ ಬಂದಿರುತ್ತದೆ. ಜಲಾಂತರ್ಗಾಮಿ ಎಷ್ಟು ವಾಲಿದೆ, ಯಾವ ಹ್ಯಾಚ್ ಬಳಸಬಹುದು, ಹ್ಯಾಚಿನ ಸುತ್ತ ಬಲೆ, ಹಗ್ಗ, ಮುರಿದ ತಗಡು ಏನಾದರೂ ಬಿದ್ದಿದೆಯೇ ಎಂದು ನೋಡಿ, ಅಡ್ಡವಿದ್ದುದನ್ನು ಕತ್ತರಿಸಿ ತೆಗೆಯುವುದು ಅದರ ಕೆಲಸ. ಇದು ಎಷ್ಟು ಮುಖ್ಯವೆಂಬುದು 2005ರ ಆಗಸ್ಟಿನಲ್ಲಿ ಕಮ್‌ಚಟ್ಕಾ ಬಳಿ ಗೊತ್ತಾಯಿತು. ರಷ್ಯಾದ ಪ್ರಿಜ್ ವರ್ಗದ ‘ಎಎಸ್-28’ ಎಂಬ ರಕ್ಷಣಾ ವಾಹನವೇ 190 ಮೀಟರ್ ಆಳದಲ್ಲಿ ಬಲೆ, ಕೇಬಲ್‌ಗಳಿಗೆ ಸಿಕ್ಕಿಕೊಂಡಿತು. ಬ್ರಿಟನ್ನಿನ ‘ಸ್ಕಾರ್ಪಿಯೋ’ ರೋಬಾಟನ್ನು ವಿಮಾನದಲ್ಲಿ ತಂದು ಅವನ್ನು ಕತ್ತರಿಸಿದ ಮೇಲೆಯೇ ಒಳಗಿದ್ದ ಏಳೂ ಮಂದಿ ಮೇಲೆ ಬಂದದ್ದು.

ದಾರಿ ಸ್ವಚ್ಛವಾದ ಮೇಲೆ ವಾಹನ ಸೋನಾರ್ (ಶಬ್ದದ ಅಲೆಗಳಿಂದ ನೀರೊಳಗೆ ದಾರಿ ತಿಳಿಯುವ ಸಾಧನ) ಹಿಡಿದು ಹತ್ತಿರ ಬರುತ್ತದೆ, ಕೊನೆಯ ಕೆಲವು ಮೀಟರ್‌ಗಳನ್ನು ಕ್ಯಾಮೆರಾ ನೋಡಿಕೊಂಡು ಕ್ರಮಿಸುತ್ತದೆ. ಚಾಲಕ ನೀರಿನ ಸೆಳೆತಕ್ಕೆ ಮುಖಮಾಡಿ, ಪುಟ್ಟ ಪುಟ್ಟ ಪ್ರೊಪೆಲ್ಲರ್‌ಗಳಿಂದ ವಾಹನವನ್ನು ಹ್ಯಾಚಿನ ನೇರಕ್ಕೆ ನಿಲ್ಲಿಸಿ ಮೆಲ್ಲಗೆ ಇಳಿಸುತ್ತಾನೆ. ಹ್ಯಾಚಿನ ಸುತ್ತ ಜಲಾಂತರ್ಗಾಮಿಯ ಮೈಮೇಲೆ ಸಪಾಟಾಗಿ ಕಡೆದ ಉಕ್ಕಿನ ಬಳೆಯಂಥ ಪೀಠವಿರುತ್ತದೆ. ಸ್ಕರ್ಟಿನ ರಬ್ಬರ್ ಅಂಚು ಅದರ ಮೇಲೆ ಸುತ್ತಲೂ ಒಂದೇ ಸಮನಾಗಿ ಕೂರಬೇಕು. ಕೂತ ಕ್ಷಣಕ್ಕೆ ಒಳಗೂ ನೀರು, ಹೊರಗೂ ನೀರು, ಎರಡೂ ಕಡೆ ಒಂದೇ ಒತ್ತಡ. ವಾಹನ ಹಗುರವಾಗಿ ಕೂತಿದೆ ಅಷ್ಟೇ; ಒಂದು ಸೆಳೆತ ಬಂದರೆ ಸರಿದುಹೋಗುತ್ತದೆ.

ಇಲ್ಲಿಂದ ಮುಂದಿನ ಒಂದೆರಡು ನಿಮಿಷಗಳಲ್ಲಿ ನಡೆಯುವುದನ್ನು ನಿಧಾನವಾಗಿ ನೋಡಬೇಕು. ಲೆಕ್ಕದ ಸುಲಭಕ್ಕೆ ಸ್ಕರ್ಟಿನ ವ್ಯಾಸ ಒಂದೂವರೆ ಮೀಟರ್, ಎತ್ತರ ಒಂದು ಮೀಟರ್ ಎಂದಿಟ್ಟುಕೊಳ್ಳೋಣ. ಅದರೊಳಗೆ ಸುಮಾರು 1,800 ಲೀಟರ್ ನೀರಿರುತ್ತದೆ. ಈಗ ವಾಹನದ ಪಂಪು ಆ ನೀರಿನಲ್ಲಿ ಒಂದಿಷ್ಟನ್ನು ಎಳೆದುಕೊಳ್ಳುತ್ತದೆ. ಎಷ್ಟು ಎಳೆದರೆ ಒಳಗಿನ ಒತ್ತಡ ಇಳಿಯುತ್ತದೆ? ಗಾಳಿ ತುಂಬಿದ್ದ ಜಾಗವಾದರೆ ಬಹುಪಾಲನ್ನು ಎಳೆಯಬೇಕಾಗುತ್ತಿತ್ತು. ನೀರು ಹಾಗಲ್ಲ; ಅದು ಒತ್ತಿದರೆ ಕುಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕುಗ್ಗುತ್ತದೆ, ಹಾಗಾಗಿ ಬಿಟ್ಟರೆ ಹಿಗ್ಗುವುದೂ ಅಷ್ಟೇ ಕಡಿಮೆ. 100 ಮೀಟರ್ ಆಳದಲ್ಲಿ, ಅಂಚು ಸ್ವಲ್ಪವೂ ಸೋರದಿದ್ದರೆ, ಆ 1,800 ಲೀಟರಿನಲ್ಲಿ ಒಂದು ಲೀಟರಿಗೂ ಕಡಿಮೆ ನೀರು ತೆಗೆದರೆ ಸಾಕು, ಹೊರಗಿನ ಹತ್ತು ವಾಯುಮಂಡಲಗಳ ಹೆಚ್ಚುವರಿ ಒತ್ತಡ ಒಳಗೆ ಇಲ್ಲವಾಗುತ್ತದೆ. 600 ಮೀಟರಿನಲ್ಲೂ ಐದು ಲೀಟರ್ ಸಾಕು. ಉಕ್ಕು, ರಬ್ಬರು ತುಸು ಬಾಗುವುದರಿಂದ, ಅಂಚು ಆರಂಭದಲ್ಲಿ ಒಂದಿಷ್ಟು ಜಿನುಗುವುದರಿಂದ ನಿಜದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಆದರೆ ಲೆಕ್ಕದ ಧಾಟಿ ಇದೇ.

ಒತ್ತಡ ಇಳಿದ ಆ ಗಳಿಗೆಯಲ್ಲಿ ಸಮುದ್ರ ತನ್ನ ಭಾರವನ್ನೆಲ್ಲ ವಾಹನದ ಬೆನ್ನ ಮೇಲೆ ಹೇರುತ್ತದೆ. 100 ಮೀಟರ್ ಆಳದಲ್ಲಿ ಒಂದೂವರೆ ಮೀಟರ್ ವ್ಯಾಸದ ಸ್ಕರ್ಟಿಗೆ ಅದು ಸುಮಾರು 180 ಟನ್. 600 ಮೀಟರಿನಲ್ಲಿ ಸಾವಿರ ಟನ್ ಮೀರುತ್ತದೆ. ಬಿಸಿ ಪಲ್ಯ ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿ ತಣ್ಣಗಾದ ಮೇಲೆ ಅದರ ಮುಚ್ಚಳ ಕಚ್ಚಿಕೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಒಳಗಿನ ಒತ್ತಡ ಒಂಚೂರು ಇಳಿದದ್ದಕ್ಕೇ ಎರಡು ಕೈಯ ಬಲ ಸಾಲದೆ ಹೋಗುತ್ತದೆ. ಇಲ್ಲಿಯೂ ಬಿಗಿಯುವುದು ಅದೇ ಬಲ. ಸ್ಕರ್ಟನ್ನು ಪೀಠಕ್ಕೆ ಹಿಡಿದಿಡಲು ವಾಹನದ ಯಾವ ಮೋಟಾರಿಗೂ ಅಷ್ಟು ಶಕ್ತಿಯಿಲ್ಲ, ಇರಬೇಕಾಗಿಯೂ ಇಲ್ಲ. ಕೊಕ್ಕೆ, ಬೋಲ್ಟುಗಳನ್ನು ಬಳಸುವುದುಂಟು, ಅವು ಹೆಚ್ಚುವರಿ ಭದ್ರತೆಗೆ. ಜನರನ್ನು ಕೊಲ್ಲಲು ಹೊರಟಿರುವ ಒತ್ತಡವನ್ನೇ ಕೆಲಸಕ್ಕೆ ಹಚ್ಚಿದ ಈ ಜಾಣ್ಮೆಗೆ ತೊಂಬತ್ತು ವರ್ಷಗಳಲ್ಲಿ ಬದಲಿ ಸಿಕ್ಕಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪಂಪು ಓಡುತ್ತಿದ್ದರೂ ಮಾಪಕದ ಮುಳ್ಳು ಇಳಿಯದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಕೆಲವೇ ಲೀಟರ್‌ಗಳ ಮೇಲೆ ನಿಂತ ಆಟವಾದ್ದರಿಂದ, ಪೀಠದ ಮೇಲಿನ ಒಂದು ತಂತಿ, ಒಂದು ಗೀರು, ಗಟ್ಟಿಯಾಗಿ ಅಂಟಿಕೊಂಡ ಚಿಪ್ಪುಗಳ ಒಂದು ಸಾಲು ಇಡೀ ಕಾರ್ಯಾಚರಣೆಯನ್ನು ನಿಲ್ಲಿಸಬಲ್ಲದು. ಆದ್ದರಿಂದಲೇ ನ್ಯಾಟೋ ದೇಶಗಳು ಈ ಪೀಠದ ಅಳತೆ, ಅದರ ಸಪಾಟು, ಅದರ ಸುತ್ತ ಎಷ್ಟು ದೂರ ಏನೂ ಇರಕೂಡದು ಎಂಬುದನ್ನೆಲ್ಲ ಒಂದು ಸಮಾನ ಮಾನದಂಡವಾಗಿ ಬರೆದಿಟ್ಟವು. ಆ ಕೂಟದ ಹೊರಗಿನ ಅನೇಕ ನೌಕಾಪಡೆಗಳೂ ಅದನ್ನೇ ಅನುಸರಿಸುತ್ತವೆ. ಒಬ್ಬರ ಜಲಾಂತರ್ಗಾಮಿಯನ್ನು ಇನ್ನೊಬ್ಬರು ಬೇಟೆಯಾಡಲು ತರಬೇತಿ ಪಡೆಯುವ ದೇಶಗಳು ಹ್ಯಾಚಿನ ಸುತ್ತಳತೆಯಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ.

ಬಿಗಿತ ಸಾಬೀತಾದ ಮೇಲೆ ಸ್ಕರ್ಟಿನಲ್ಲಿ ಉಳಿದ ನೀರನ್ನು ವಾಹನದೊಳಗಿನ ತೊಟ್ಟಿಗೆ ಇಳಿಸಿಕೊಳ್ಳುತ್ತಾರೆ. ಹೊರಗೆ ಚೆಲ್ಲಬೇಕಾದರೆ ಸಮುದ್ರದ ಪೂರ್ತಿ ಒತ್ತಡದ ಎದುರು ಪಂಪು ದುಡಿಯಬೇಕು. ಒಳಗೆ ತೆಗೆದುಕೊಂಡರೆ ಆ ಶ್ರಮವಿಲ್ಲ, ವಾಹನದ ಒಟ್ಟು ತೂಕವೂ ಬದಲಾಗುವುದಿಲ್ಲ. ಜಾಗ ಒಣಗಿದ ಮೇಲೆ ವಾಹನದ ಕೆಳಬಾಗಿಲು ತೆರೆದು ಒಬ್ಬ ಸ್ಕರ್ಟಿನೊಳಕ್ಕೆ ಇಳಿಯುತ್ತಾನೆ. ಅವನ ಕಾಲ ಕೆಳಗೆ ತೊಟ್ಟಿಕ್ಕುವ ತಣ್ಣನೆಯ ಹ್ಯಾಚ್. ಅವನು ಅದನ್ನು ಬಡಿಯುತ್ತಾನೆ, ಒಳಗಿನವರು ತಿರುಗಿ ಬಡಿಯುತ್ತಾರೆ. ಆದರೂ ಆಗಲೇ ತೆರೆಯುವಂತಿಲ್ಲ. ಒಳಗಿನ ಗಾಳಿ ಎಂಥದ್ದು, ಅದರ ಒತ್ತಡ ಎಷ್ಟು ಎಂಬುದು ಮೊದಲು ಗೊತ್ತಾಗಬೇಕು.

ಈ ಒಳಗಿನ ಒತ್ತಡದ ವಿಷಯಕ್ಕೆ ಸಾಮಾನ್ಯವಾಗಿ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಜಲಾಂತರ್ಗಾಮಿಯ ಒಂದು ಭಾಗಕ್ಕೆ ನೀರು ನುಗ್ಗಿದರೆ ಅಲ್ಲಿದ್ದ ಗಾಳಿ ಉಳಿದ ಜಾಗಕ್ಕೆ ಒತ್ತರಿಸಿಕೊಳ್ಳುತ್ತದೆ. ಕೊಳವೆಗಳಿಂದ ಸಂಕುಚಿತ ಗಾಳಿ ಸೋರಿದರೆ ಒತ್ತಡ ಇನ್ನಷ್ಟು ಏರುತ್ತದೆ. ಬದುಕುಳಿದವರು ದಿನಗಟ್ಟಲೆ ನಾಲ್ಕೈದು ವಾಯುಮಂಡಲಗಳ ಒತ್ತಡದಲ್ಲಿ ಉಸಿರಾಡಿರಬಹುದು. ಹಾಗಿದ್ದಾಗ ಹ್ಯಾಚಿನ ಅಗುಳಿ ಸಡಿಲಿಸಿದರೆ ಅದು ಮೇಲಿದ್ದವನ ಮುಖಕ್ಕೇ ಸಿಡಿಯುತ್ತದೆ. ಆದ್ದರಿಂದ ಸಣ್ಣ ಕವಾಟವೊಂದರ ಮೂಲಕ ಎರಡೂ ಕಡೆಯ ಒತ್ತಡವನ್ನು ಸರಿಸಮ ಮಾಡಿದ ಮೇಲೆಯೇ ಹ್ಯಾಚ್ ಎತ್ತುವುದು. ಹಾಗೆ ಮಾಡಿದಾಗ ಸ್ಕರ್ಟಿನೊಳಗಿನ ಒತ್ತಡವೂ ಏರುತ್ತದೆ, ಹೊರಗಿನ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. 60 ಮೀಟರ್ ಆಳದಲ್ಲಿ ಹೊರಗಿನ ಒಟ್ಟು ಒತ್ತಡ ಸುಮಾರು ಏಳು ವಾಯುಮಂಡಲ. ಒಳಗೆ ಐದಿದ್ದರೆ ಹಿಡಿತಕ್ಕೆ ಉಳಿಯುವ ವ್ಯತ್ಯಾಸ ಎರಡೇ, ಅಂದರೆ ನಮ್ಮ ಲೆಕ್ಕದ ಸ್ಕರ್ಟಿಗೆ ಸುಮಾರು 36 ಟನ್. ಆಳ ಕಡಿಮೆಯಾದಷ್ಟೂ ಕೆಲಸ ಸುಲಭ ಎಂದು ಯಾರಾದರೂ ತಿಳಿದಿದ್ದರೆ ಈ ಲೆಕ್ಕವನ್ನು ಗಮನಿಸಬೇಕು.

ಅಂಥ ಒತ್ತಡದಲ್ಲಿ ಬಹಳ ಹೊತ್ತು ಇದ್ದವರ ಮೈಯಲ್ಲಿ ಸಾರಜನಕ ಕರಗಿ ಸೇರಿಕೊಂಡಿರುತ್ತದೆ. ಅವರನ್ನು ನೇರವಾಗಿ ಹಡಗಿನ ತೆರೆದ ಗಾಳಿಗೆ ತಂದರೆ ಅದು ರಕ್ತದಲ್ಲಿ ಗುಳ್ಳೆಯಾಗಿ ಏಳುತ್ತದೆ. ಬದುಕಿಸಿ ತಂದವರನ್ನು ಮೇಲೆ ತಂದು ಕೊಂದಂತಾಗುತ್ತದೆ. ಬ್ರಿಟನ್, ಫ್ರಾನ್ಸ್, ನಾರ್ವೆ ಒಟ್ಟಾಗಿ ನಡೆಸುವ, 2008ರಿಂದ ಸೇವೆಯಲ್ಲಿರುವ ರಕ್ಷಣಾ ವ್ಯವಸ್ಥೆಯಲ್ಲಿ ಇದಕ್ಕೆ ಉತ್ತರವಿದೆ. ವಾಹನದೊಳಗೂ ಅದೇ ಒತ್ತಡವನ್ನು ಕಾಪಾಡಿಕೊಂಡು ಬಂದು, ಹಡಗಿನ ಮೇಲಿರುವ ಒತ್ತಡ ಕೋಣೆಗಳಿಗೆ ವಾಹನವನ್ನು ಮತ್ತೊಮ್ಮೆ ಜೋಡಿಸಿ, ಜನರನ್ನು ಅಲ್ಲಿಗೆ ದಾಟಿಸುತ್ತಾರೆ. ಆಮೇಲೆ ವೈದ್ಯರ ನಿಗಾದಲ್ಲಿ ಒತ್ತಡವನ್ನು ಗಂಟೆ, ದಿನಗಳ ಲೆಕ್ಕದಲ್ಲಿ ಇಳಿಸುತ್ತಾರೆ. ಅಂದರೆ ಒಂದು ಸುತ್ತಿಗೆ ಎರಡು ಜೋಡಣೆ: ಒಂದು ತಳದಲ್ಲಿ, ಇನ್ನೊಂದು ಓಲಾಡುವ ಹಡಗಿನ ಮೇಲೆ.

ಬಿಡಿಸಿಕೊಳ್ಳುವ ಕ್ರಮ ಇದೇ ಹಾದಿಯಲ್ಲಿ ಹಿಮ್ಮುಖವಾಗಿ ನಡೆಯುತ್ತದೆ. ಎರಡೂ ಬಾಗಿಲು ಮುಚ್ಚಿ ಸ್ಕರ್ಟಿಗೆ ನೀರು ಬಿಟ್ಟ ಕೂಡಲೇ ಒತ್ತಡ ಸಮವಾಗಿ ಹಿಡಿತ ಬಿಡುತ್ತದೆ. ಅಷ್ಟರಲ್ಲಿ ಒಳಗೆ ಬಂದ ಹದಿನಾಲ್ಕು ಹದಿನೈದು ಜನರ ತೂಕವೇ ಟನ್ನಿಗೆ ಮೇಲಾಗಿರುತ್ತದೆ. ಅಷ್ಟೇ ತೂಕದ ನೀರನ್ನು ಬ್ಯಾಲಾಸ್ಟಿನಿಂದ, ಅಂದರೆ ತೂಕ ಸರಿದೂಗಿಸುವ ತೊಟ್ಟಿಗಳಿಂದ, ಇಳಿಸಿರದಿದ್ದರೆ ಹಿಡಿತ ಬಿಟ್ಟ ವಾಹನ ಮೇಲೇಳುವುದೇ ಕಷ್ಟ.

ಈ ಎಲ್ಲ ಹಿನ್ನೆಲೆಯಲ್ಲಿ ‘ಕುರ್ಸ್ಕ್’ ದುರಂತವನ್ನು ನೋಡಬೇಕು. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಎರಡು ಸ್ಫೋಟಗಳಾಗಿ ರಷ್ಯಾದ ಈ ಅಣುಚಾಲಿತ ಜಲಾಂತರ್ಗಾಮಿ 108 ಮೀಟರ್ ಆಳಕ್ಕೆ ಕುಸಿಯಿತು. 118 ಮಂದಿಯಲ್ಲಿ 23 ಮಂದಿ ಹಿಂದಿನ ಒಂಬತ್ತನೆಯ ಕೋಣೆ ಸೇರಿಕೊಂಡಿದ್ದರೆಂದು ಲೆಫ್ಟಿನೆಂಟ್ ದಿಮಿತ್ರಿ ಕೊಲೆಸ್ನಿಕೋವ್ ಕತ್ತಲಲ್ಲಿ ಬರೆದಿಟ್ಟ ಚೀಟಿಯಿಂದ ಆಮೇಲೆ ತಿಳಿಯಿತು. ಆ ಕೋಣೆಗೆ ಹ್ಯಾಚ್ ಇತ್ತು, ಪೀಠವಿತ್ತು, ಆಳವೂ ಹೆಚ್ಚೇನಿರಲಿಲ್ಲ. ರಷ್ಯಾದ ಪ್ರಿಜ್ ವಾಹನ ಮತ್ತೆ ಮತ್ತೆ ಹೋಗಿ ಪೀಠವನ್ನು ಮುಟ್ಟಿತು. ಒಮ್ಮೆಯೂ ಬಿಗಿತ ಸಿಗಲಿಲ್ಲ. ಅದರ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು, ಮತ್ತೆ ಚಾರ್ಜ್ ಮಾಡಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಸೆಳೆತ ಜೋರಾಗಿದೆ, ನೌಕೆ ತೀರಾ ವಾಲಿದೆ, ಪೀಠ ಹಾಳಾಗಿದೆ ಎಂದೆಲ್ಲ ಅಧಿಕಾರಿಗಳು ಕಾರಣ ಕೊಟ್ಟರು. ಆಗಸ್ಟ್ 16ರಂದು ವಿದೇಶಿ ನೆರವಿಗೆ ಒಪ್ಪಿದ ಮೇಲೆ ಬಂದ ನಾರ್ವೆಯ ಡೈವರ್‌ಗಳು ಕಂಡದ್ದು ಹೆಚ್ಚುಕಡಿಮೆ ನೆಟ್ಟಗೆ ಕೂತ ನೌಕೆಯನ್ನು. 21ರಂದು ಅವರು ಹ್ಯಾಚ್ ತೆರೆದಾಗ ಒಳಗೆ ನೀರು ತುಂಬಿತ್ತು. ಬ್ರಿಟನ್ನಿನ ‘ಎಲ್‌ಆರ್5’ ರಕ್ಷಣಾ ವಾಹನ ಹಡಗಿನ ಮೇಲೆ ಸಿದ್ಧವಾಗಿ ನಿಂತಿತ್ತು. ಅದಕ್ಕೆ ಕೆಲಸವೇ ಉಳಿದಿರಲಿಲ್ಲ. ಆಮ್ಲಜನಕ ಉತ್ಪಾದಿಸುವ ರಾಸಾಯನಿಕ ತಟ್ಟೆಯೊಂದು ಎಣ್ಣೆ ಬೆರೆತ ನೀರಿಗೆ ತಾಗಿ ಹೊತ್ತಿಕೊಂಡ ಬೆಂಕಿ ಆ 23 ಮಂದಿಯನ್ನು ಮೊದಲ ದಿನವೇ ಬಲಿ ತೆಗೆದುಕೊಂಡಿತೆಂದು ಅಧಿಕೃತ ತನಿಖೆ ಹೇಳಿತು. ಅದು ಸರಿಯಿದ್ದರೆ ಯಾವ ವಾಹನವೂ ಸಮಯಕ್ಕೆ ತಲುಪುತ್ತಿರಲಿಲ್ಲ. ಹಾಗೆಂದು ನಾಲ್ಕು ದಿನ ನೆರವು ಕೇಳದೆ ಕೂತದ್ದಕ್ಕೆ ಅದು ಸಮಜಾಯಿಷಿಯಾಗುವುದಿಲ್ಲ; ಒಳಗಿನವರು ಸತ್ತಿದ್ದಾರೆಂದು ಹೊರಗೆ ಯಾರಿಗೂ ಆಗ ಗೊತ್ತಿರಲಿಲ್ಲ.

ಕುರ್ಸ್ಕ್ ನಂತರ 2003ರಲ್ಲಿ ಜಲಾಂತರ್ಗಾಮಿ ರಕ್ಷಣೆಗೆ ಒಂದು ಅಂತಾರಾಷ್ಟ್ರೀಯ ಸಮನ್ವಯ ಕಚೇರಿ ಹುಟ್ಟಿತು. ಇಸ್ಮರ್ಲೋ ಎಂಬ ಕಿರುಹೆಸರಿನ ಆ ಕಚೇರಿ ಯಾವ ದೇಶದ ವಾಹನ ಎಲ್ಲಿದೆ, ಯಾವ ವಿಮಾನದಲ್ಲಿ ಸಾಗಿಸಬಹುದು, ಹತ್ತಿರದ ಬಂದರಿನಲ್ಲಿ ತಕ್ಕ ಹಡಗು ಸಿಗುತ್ತದೆಯೇ ಎಂಬುದರ ಲೆಕ್ಕ ಇಟ್ಟಿರುತ್ತದೆ. ಅಪಘಾತ ಗೊತ್ತಾದ 72 ಗಂಟೆಗಳೊಳಗೆ ಮೊದಲ ಜೋಡಣೆ ಆಗಬೇಕೆಂಬುದು ಇಂಥ ವ್ಯವಸ್ಥೆಗಳು ಇಟ್ಟುಕೊಂಡಿರುವ ಗುರಿ. ಅದರಲ್ಲಿ ತಳದಲ್ಲಿ ಕಳೆಯುವ ಸಮಯ ಅಲ್ಪ. ಉಳಿದದ್ದೆಲ್ಲ ಲಾರಿ, ವಿಮಾನ, ಕ್ರೇನು, ಹಡಗಿನ ಡೆಕ್ಕಿಗೆ ಮಾಡುವ ವೆಲ್ಡಿಂಗಿನಲ್ಲಿ ಹೋಗುತ್ತದೆ.

ಭಾರತದ ವಿಷಯಕ್ಕೆ ಬರೋಣ. ನಮ್ಮ ಶಿಶುಮಾರ್ ವರ್ಗದ, ಜರ್ಮನ್ ವಿನ್ಯಾಸದ ಜಲಾಂತರ್ಗಾಮಿಗಳಲ್ಲಿ ಇಡೀ ಸಿಬ್ಬಂದಿ ಹೊಕ್ಕು, ಬೇರ್ಪಟ್ಟು ಮೇಲೇಳಬಲ್ಲ ಗೋಳಾಕಾರದ ಕೋಣೆ ಮೊದಲಿನಿಂದಲೇ ಇದೆ. ಉಳಿದವುಗಳಿಗೆ ನಮ್ಮದೇ ಆದ ಆಳದ ರಕ್ಷಣಾ ವಾಹನ ಇಲ್ಲದೆ ಬಹುಕಾಲ ಅಮೆರಿಕದ ವಾಹನದ ಮೇಲೆ ಭರವಸೆ ಇಡಬೇಕಿತ್ತು. 2016ರಲ್ಲಿ ಬ್ರಿಟನ್ನಿನ ಜೆಎಫ್‌ಡಿ ಸಂಸ್ಥೆಯೊಡನೆ ಎರಡು ಪೂರ್ಣ ವ್ಯವಸ್ಥೆಗಳಿಗೆ ಒಪ್ಪಂದವಾಯಿತು: ಒಂದು ಮುಂಬೈಗೆ, ಇನ್ನೊಂದು ವಿಶಾಖಪಟ್ಟಣಕ್ಕೆ. ಒಂದೊಂದು ವಾಹನವೂ 650 ಮೀಟರ್ ತನಕ ಇಳಿದು ಒಂದು ಸುತ್ತಿಗೆ 14 ಮಂದಿಯನ್ನು ತರಬಲ್ಲದು. 2018ರ ಅಕ್ಟೋಬರಿನಲ್ಲಿ ಪಶ್ಚಿಮ ಕರಾವಳಿಯಾಚೆ ನಡೆದ ಪರೀಕ್ಷೆಯಲ್ಲಿ 300 ಅಡಿಗೂ ಹೆಚ್ಚು ಆಳದಲ್ಲಿ ಕೂತಿದ್ದ ನಮ್ಮದೇ ಜಲಾಂತರ್ಗಾಮಿಯ ಮೇಲೆ ವಾಹನ ಜೋಡಣೆಯಾಗಿ, ಹ್ಯಾಚ್‌ಗಳನ್ನು ತೆರೆದು, ಸಿಬ್ಬಂದಿಯನ್ನು ದಾಟಿಸಲಾಯಿತು. ಅದೇ ಪರೀಕ್ಷಾ ಸರಣಿಯಲ್ಲಿ ವಾಹನ 666 ಮೀಟರ್ ತನಕ ಇಳಿಯಿತು. ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್ ಕಟ್ಟಿದ, ಇಂಥ ವಾಹನಕ್ಕೆ ತಾಯಿಹಡಗಾಗಬಲ್ಲ ‘ನಿಸ್ತಾರ್’ 2025ರ ಜುಲೈ 18ರಂದು ನೌಕಾಪಡೆ ಸೇರಿತು. ಅದೇ ಹೆಸರಿನ ಹಳೆಯ ಹಡಗನ್ನು 1971ರಲ್ಲಿ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ಯ ಅವಶೇಷ ನೋಡಲು ಬಳಸಿದ್ದು ಕೆಲವರಿಗೆ ನೆನಪಿರಬಹುದು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಎದ್ದು ಕೇಳಿದ ಪ್ರಶ್ನೆ ಇಲ್ಲಿ ಸೇರಿಸುವಂಥದ್ದು. “ಸಮುದ್ರ ಸಾವಿರಾರು ಮೀಟರ್ ಆಳವಿದೆ, ವಾಹನ 650 ಮೀಟರ್ ಇಳಿದರೆ ಏನು ಪ್ರಯೋಜನ ಸಾರ್?” ಎಂದರು. ವಾಹನದ ಮಿತಿಯನ್ನು ನಿರ್ಧರಿಸಿರುವುದು ಜಲಾಂತರ್ಗಾಮಿಯ ಮಿತಿ ಎಂದು ಉತ್ತರಿಸಿದೆ. ಬಹುತೇಕ ಜಲಾಂತರ್ಗಾಮಿಗಳ ಉಕ್ಕಿನ ಕವಚ ಅಷ್ಟು ಆಳಕ್ಕೆ ಮೊದಲೇ ಕುಸಿಯುತ್ತದೆ. ಅದರಾಚೆ ರಕ್ಷಿಸಲು ಯಾರೂ ಉಳಿದಿರುವುದಿಲ್ಲ. 2021ರ ಏಪ್ರಿಲ್ 21ರಂದು ಇಂಡೋನೇಷ್ಯಾದ ‘ನಂಗಾಲಾ’ ಬಾಲಿಯ ಉತ್ತರಕ್ಕೆ 53 ಮಂದಿಯೊಡನೆ ಕಾಣೆಯಾದಾಗ ಮರುದಿನವೇ ವಿಶಾಖಪಟ್ಟಣದಿಂದ ನಮ್ಮ ರಕ್ಷಣಾ ವಾಹನ ಹೊರಟಿತು. ನಂಗಾಲಾ 838 ಮೀಟರ್ ಆಳದಲ್ಲಿ ಮೂರು ತುಂಡಾಗಿ ಸಿಕ್ಕಿತು. ಜೋಡಣೆಯ ಮಾತು ಬರುವುದು ತಳ ಹತ್ತಿರವಿರುವ ಕಡೆ, ಅಂದರೆ ಭೂಖಂಡದ ಅಂಚಿನ ಹೆಚ್ಚು ಆಳವಿಲ್ಲದ ಕಡಲಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಆ ಅಂಚು ಅಗಲವಾಗಿದೆ. ಕಾರವಾರದ ಕದಂಬ ನೌಕಾನೆಲೆಯಿಂದ ಹೊರಟ ಜಲಾಂತರ್ಗಾಮಿ ಬಹಳ ದೂರದ ತನಕ ರಕ್ಷಣಾ ವಾಹನ ತಲುಪಬಲ್ಲ ತಳದ ಮೇಲೆಯೇ ಸಾಗುತ್ತದೆ. ಪೂರ್ವ ಕರಾವಳಿಯ ಅಂಚು ಕಿರಿದು. ವಿಶಾಖಪಟ್ಟಣದಿಂದ ಹೊರಟದ್ದು ಅದಕ್ಕಿಂತ ಬಹಳ ಬೇಗ ಆ ಗಡಿಯನ್ನು ದಾಟುತ್ತದೆ.